ಮದುವೆಯಾದಾಗಿಂದ ಹೊಟ್ಟೆನೋವು

ನಮ್ಮ ಸೋದರತ್ತೆ ಹುಟ್ಟಿದ ಮೇಲೆ ಒಂದು ಸುಳ್ಳು ಹೇಳಿದವರಲ್ಲ. ಹಾಗಂತ ಅವರು ಹೇಳಿದ್ದನ್ನು ಹೇಳಿದ ಹಾಗೇ ನಂಬಿದವರು ಯಾರೂ ಉದ್ಧಾರವಾಗಿಲ್ಲ. ನಂಬಿದವರಲ್ಲಿ ಒಂದು ವಿಮಾ ಕಂಪನಿಯೂ ಸೇರಿತ್ತು ಎಂದರೆ ನೀವು ನಗಬಹುದು. ನಾವು ಆಗ ನಗುವ ಸ್ಥಿತಿಯಲ್ಲಿರಲಿಲ್ಲ.

ಅತ್ತೆಯ ಬಾಯಿಗೆ ಅಳತೆ ಎಂಬುದಿರಲಿಲ್ಲ, ಅಷ್ಟೇ. ಸಾರಿಗೆ ಒಂದು ಹರಳು ಉಪ್ಪು ಹೆಚ್ಚಾದರೆ ಸಮುದ್ರವೇ ಬಂದು ಬಿದ್ದಿರುತ್ತಿತ್ತು. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬಂದವರು, "ಏನ್ ಮಂಜು ಅಂತೀಯ, ನನ್ ಕೈ ನಂಗೇ ಕಾಣ್ನಿಲ್ಲ. ಎಲ್ಲೋ ಬಿದ್ದೋಯ್ತು ಅನ್ಕಂಡು ಗುಡಿಯೆಲ್ಲ ಉಡುಕ್ಬುಟ್ಟೆ ಕಣ್ಲಾ" ಅನ್ನುವರು. ಇಂಥವರಿಗೆ ಸಿಕ್ಕ ಗಂಡ, ಅಂದರೆ ನಮ್ಮ ಮಾವ, ಗುಂಡ್ಲುಪೇಟೆಯಲ್ಲಿ ತಕ್ಕಡಿ ರಿಪೇರಿ ಮಾಡುವವರು. ಕೇರಳಕ್ಕೆ ತರಕಾರಿ ತುಂಬುವ ವ್ಯಾಪಾರಿಗಳು, ಮಂಡಿಯವರು, ಎಲ್ಲರೂ ಅವರ ಅಂಗಡಿಗೇ ಬರಬೇಕು. ತೂಕದ ಬಟ್ಟುಗಳನ್ನು ಇಡುವಷ್ಟೇ ಜೋಪಾನವಾಗಿ ಮಾತನ್ನೂ ಇಡುವ ಮನುಷ್ಯ. ಅತ್ತೆ ದಿನವಿಡೀ ಬೈಯುವರು, ಮಾವ ದಿನವಿಡೀ ಕೇಳುವರು. ಸಂಸಾರ ಚೆನ್ನಾಗಿತ್ತು ಎಂದೇ ಹೇಳಬೇಕು.

ಒಂದು ದಿನ ಪರಿಚಯದ ಏಜೆಂಟನೊಬ್ಬ ಮನೆಗೆ ಬಂದು ಆರೋಗ್ಯ ವಿಮೆಯ ವಿಚಾರ ತೆಗೆದ. ಸತ್ತರೆ ದುಡ್ಡು ಬರುವ ವಿಮೆಯನ್ನು ಮಾತ್ರ ಕೇಳಿದ್ದ ಅತ್ತೆಗೆ ದಿಗ್ಭ್ರಮೆಯಾಯಿತು. "ಸಾಯ್ದೇ ಇದ್ರೂ ಕೊಡ್ತರಾ?" ಎಂದು ಕೇಳಿದರು. ಏಜೆಂಟ ಹೌದೆಂದ. ಅವನ ಕೆನ್ನೆ ಗುಳಿ ಬಿದ್ದಿದ್ದನ್ನು ಕಂಡು ಮರುಗಿ, ಮೊದಲು ಮುದ್ದೆ ಬಡಿಸಿ, ಆಮೇಲೆ ಗಂಡನನ್ನೂ ಕೇಳದೆ ಸಹಿ ಹಾಕಿದರು.

ಮುಂದಿನ ವರ್ಷ ಗೌರಿ ಹಬ್ಬ ಕಳೆದ ಮೇಲೆ ಮಾವ ಅತ್ತೆಯನ್ನು ಬಸ್ಸಿಗೆ ಹತ್ತಿಸಿಕೊಂಡು ಚಾಮರಾಜನಗರಕ್ಕೆ ಬಂದರು. ನಾನು ಆಗ ಅಲ್ಲಿ ಹೈಸ್ಕೂಲು ಮೇಷ್ಟ್ರು. ಅತ್ತೆ ಹೊಟ್ಟೆ ಹಿಡಿದುಕೊಂಡು ಬೆವರುತ್ತಿದ್ದರು. ನರ್ಸಿಂಗ್ ಹೋಮಿಗೆ ಸೇರಿಸಿದೆವು. ನೋವಿನ ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತಾದ ಮೇಲೆ ಅವರಿಗೆ ಬಾಯಿ ಬಂತು. ದುರದೃಷ್ಟಕ್ಕೆ ಅದೇ ಹೊತ್ತಿಗೆ ಡ್ಯೂಟಿ ಡಾಕ್ಟರೂ ಪೆನ್ನು ಹಿಡಿದುಕೊಂಡು ಬಂದರು.

"ಈ ಹೊಟ್ಟೆನೋವು ಎಷ್ಟು ದಿನದಿಂದ ಇದೆಯಮ್ಮ?"

ಅತ್ತೆ, ಮಂಚದ ಕಾಲ ಬಳಿ ಫ್ಲಾಸ್ಕ್ ಹಿಡಿದು ನಿಂತಿದ್ದ ಮಾವನ ಕಡೆ ನೋಡಿದರು.

"ದಿನದ ಲೆಕ್ಕ ಏನ್ ಬಂತು ಡಾಕ್ಟ್ರೇ. ಮದ್ವೆ ಆದಾಗಿಂದ ಅದೆ ಈ ಒಟ್ಟೆನೋವು."

ಪಕ್ಕದ ಮಂಚದ ಹೆಂಗಸು ತನ್ನ ಆಪರೇಷನ್ ಹೊಲಿಗೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಡಾಕ್ಟರು ನಗಲಿಲ್ಲ, ಬರೆದುಕೊಂಡರು. ಅವರು ಬರೆದುಕೊಂಡದ್ದೇನು ಎಂಬುದು ನಮಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ.

ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿತು. ಆಪರೇಷನ್ ಆಯಿತು. ಆಸ್ಪತ್ರೆಯ ಬಿಲ್ಲಿಗೆ ಮಾವ ಅಂಗಡಿಯನ್ನೇ ಒತ್ತೆ ಇಟ್ಟು, ವಿಮೆ ಬಂದ ಕೂಡಲೇ ಬಿಡಿಸಿಕೊಳ್ಳುವ ಧೈರ್ಯದಲ್ಲಿ, ಮನೆಯ ಜಗಲಿಯ ಮೇಲೆ ಕೂತು ತಕ್ಕಡಿ ರಿಪೇರಿ ಶುರು ಮಾಡಿದರು. ಕಡೆಗೆ ಕಂಪನಿಯಿಂದ ಕಾಗದ ಬಂತು. ಇಂಗ್ಲಿಷಿನಲ್ಲಿದ್ದುದರಿಂದ ನನ್ನನ್ನು ಕರೆಸಿದರು. ಓದಿ ಕಾಗದವನ್ನು ಮಡಿಸಿಟ್ಟೆ.

"ಏನಂತೆ?" ಎಂದರು ಅತ್ತೆ.

"ದುಡ್ಡು ಕೊಡಲ್ವಂತೆ. ಪಾಲಿಸಿಗಿಂತ ಮುಂಚಿನ ಕಾಯಿಲೆಯಂತೆ. ಆಸ್ಪತ್ರೆ ದಾಖಲೆಯಲ್ಲಿ ಮದುವೆಯಾದಾಗಿಂದ ಹೊಟ್ಟೆನೋವು ಅಂತ ಬರೆದಿದೆ. ನೀವು ಅದನ್ನ ಮುಚ್ಚಿಟ್ಟಿರಂತೆ."

ಮಾವನ ಕೈಯಲ್ಲಿದ್ದ ತಕ್ಕಡಿ ತಟ್ಟೆ ನೆಲಕ್ಕೆ ಬಿತ್ತು. ಅತ್ತೆಗೆ ದುಡ್ಡು ಹೋದದ್ದಕ್ಕಿಂತ, ಮುಚ್ಚಿಟ್ಟಿರಿ ಎಂದದ್ದು ಹೆಚ್ಚು ಉರಿಯಿತು. "ನಾನಾ ಮುಚ್ಚಿಟ್ಟವ್ಳು? ಇಡೀ ಬೀದಿಗೇ ಏಳ್ಕಂಡು ತಿರುಗಿವ್ನಿ" ಎಂದರು. ಅದು ನಿಜವೂ ಆಗಿತ್ತು.

ಮಾರನೆಯ ದಿನವೇ ಚಾಮರಾಜನಗರದ ಶಾಖೆಗೆ ಹೋದೆವು. ಮ್ಯಾನೇಜರು ಸಜ್ಜನರು. ಕುರ್ಚಿ ಕೊಟ್ಟು, ಆಸ್ಪತ್ರೆಯಲ್ಲಿ ಬರೆದದ್ದನ್ನು ತಾವು ತಿದ್ದುವಂತಿಲ್ಲ ಎಂದು ಮೆತ್ತಗೆ ಹೇಳಿದರು. ಅತ್ತೆ ಅವರನ್ನೇ ದಿಟ್ಟಿಸಿ ನೋಡಿದರು.

"ನಿಮ್ಗೆ ಮದ್ವೆ ಆಗದಾ ಸ್ವಾಮಿ?"

"ಆಗಿದೆಯಮ್ಮ."

"ನಿಮ್ಮನೆಯವ್ರಿಗೆ ಒಟ್ಟೆನೋವು ಇಲ್ವಾ?"

"ಇಲ್ವಲ್ಲ."

"ಅವ್ರ್ನ ಕೇಳಿ ನೋಡಿ."

ಆಫೀಸಿನ ಟೈಪ್‌ರೈಟರುಗಳೆಲ್ಲ ಒಟ್ಟಿಗೇ ನಿಂತವು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮ್ಯಾನೇಜರು ನೀರು ಕುಡಿದು, ಮೇಲ್ಮನವಿ ಬರೆದುಕೊಡಿ, ಮೈಸೂರಿನಿಂದ ಹಿರಿಯ ಅಧಿಕಾರಿ ವಿಚಾರಣೆಗೆ ಬರುತ್ತಾರೆ ಎಂದರು.

ಡ್ಯೂಟಿ ಡಾಕ್ಟರನ್ನೇ ಕೇಳೋಣವೆಂದರೆ ಆತ ಮುಂದಿನ ಓದಿಗೆ ಬೇರೆ ರಾಜ್ಯಕ್ಕೆ ಹೋಗಿಯಾಗಿತ್ತು. ಆಪರೇಷನ್ ಮಾಡಿದ ದೊಡ್ಡ ಡಾಕ್ಟರು, "ಕಲ್ಲು ತೆಗೆದೆ ಅಂತ ಬರೆದುಕೊಡ್ತೀನಿ. ಅದು ಹುಟ್ಟಿದ್ದು ಯಾವಾಗ ಅಂತ ಕಲ್ಲಿನ ಮೇಲೆ ಕೆತ್ತಿರಲ್ಲ ಮೇಷ್ಟ್ರೇ" ಎಂದರು.

ಉಳಿದದ್ದು ಮೇಲ್ಮನವಿ ಒಂದೇ. ನಾನು ಗೌರವವಾಗಿ, ರೋಗಿಯು ಅಲಂಕಾರಿಕವಾಗಿ ಆಡಿದ ಮಾತೆಂದು ಬರೆದೆ. ಓದಿ ಹೇಳಿದ ಮೇಲೆ ಅತ್ತೆ ಒಪ್ಪಲಿಲ್ಲ. "ಅಲಂಕಾರ ಯಾಕ್ಲಾ, ನಾನೇನ್ ಮದ್ವೆ ಎಣ್ಣಾ? ಒಟ್ಟೆನೋವು ಅಂದ್ರೆ ನನ್ ಗಂಡ ಅಂತ ಸಪ್ಪೆಗೆ ಬರಿ." ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ ನಾನು ಆ ಒಂದು ವಾಕ್ಯವನ್ನು ಮರ್ಯಾದೆಯಿಂದ ಬರೆಯಲು ಒದ್ದಾಡಿದೆ. ಮಾವ ಪಕ್ಕದಲ್ಲೇ ಕೂತು ತಿರುಪು ಬಿಗಿಮಾಡುತ್ತಿದ್ದರು. ಬೇಡವೆನ್ನಲಿಲ್ಲ.

ವಿಚಾರಣೆಯ ದಿನ ಬಂತು. ಅಧಿಕಾರಿ ಒಬ್ಬ ಹೆಂಗಸು. ದಪ್ಪ ಕನ್ನಡಕ, ನಕ್ಕ ಗುರುತೇ ಇಲ್ಲದ ಮುಖ. ಅತ್ತೆ ಬಾಗಿಲಲ್ಲೇ ಮಾವನಿಗೆ, "ನೀನು ಉಸ್ರು ಬುಡಬ್ಯಾಡ. ಎಲ್ಲ ನಾನ್ ಮಾತಾಡ್ತೀನಿ" ಎಂದು ತಾಕೀತು ಮಾಡಿದ್ದರು. ಅಧಿಕಾರಿ ಮನವಿಯನ್ನು ಓದಿದರು, ಮತ್ತೊಮ್ಮೆ ಓದಿದರು. ಆಮೇಲೆ ತಲೆಯೆತ್ತಿ, "ಇವರ ಗಂಡ ಯಾರು?" ಎಂದರು.

ಮಾವ ಎದ್ದು ನಿಂತರು. "ನಾನೇ ತಾಯಿ ಆ ಒಟ್ಟೆನೋವು."

ಯಾರೂ ನಗಲಿಲ್ಲ. ಆ ಮಾತನ್ನು ಅವರು ತಮ್ಮ ಹೆಸರು ಹೇಳುವ ಹಾಗೆ ಹೇಳಿದ್ದರು.

"ನಿಜವಾದ ನೋವು ಯಾವಾಗ ಶುರುವಾಯ್ತು ಅಂತ ನಿಮಗೆ ಗೊತ್ತಾ?"

"ಗೊತ್ತು ತಾಯಿ. ಇವ್ಳು ಬಯ್ಯೋದು ಬುಟ್ಟ ದಿನ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಆಮೇಲೆ ಮಾವ ಆಡಿದಷ್ಟು ಮಾತನ್ನು ನಾನು ಅವರ ಬಾಯಿಂದ ಅದಕ್ಕೆ ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ಮದ್ವೆ ಆದಾಗಿಂದ ಇವ್ಳು ನನ್ನ ಬಯ್ದೇ ಇದ್ದ ದಿನ ಇಲ್ಲ. ಪಾಲಿಸಿ ಮಾಡ್ಸಿ ಮುಂದ್ಲ ವರ್ಸ ಗೌರಿ ಅಬ್ಬದಲ್ಲಿ ನಾನು ಒಲೆ ಮೇಲಿನ್ ಆಲು ಉಕ್ಕುಸ್ಬುಟ್ಟೆ. ಇವ್ಳು ಬಯ್ನಿಲ್ಲ. ಏನೋ ಅಬ್ಬ ಅಂತ ಸುಮ್ನವ್ಳೆ ಅನ್ಕಂಡೆ. ಮಾರ್ನೆ ದಿನ ಬೇಕಂತ್ಲೇ ಕೆಸರು ಕಾಲಲ್ಲಿ ಅಡುಗೆ ಮನೆಗೆ ಓದೆ. ಆಗ್ಲೂ ಬಯ್ನಿಲ್ಲ. ಗೋಡೆಗೆ ಒರಗ್ಕಂಡು ಕೆಸರನ್ನೇ ನೋಡ್ತಾ ಕುಂತಿದ್ಲು. ಅವತ್ತೇ ತಾಯಿ, ಅಂಗ್ಡಿ ಬಾಗ್ಲೂ ಆಕ್ದೆ ಬಸ್ ಅತ್ತುಸ್ಕಂಡು ಬಂದೆ. ಅದುಕ್ ಮುಂಚೆ ಇವ್ಳಿಗೆ ಯಾವ ನೋವೂ ಇರ್ನಿಲ್ಲ. ಇದ್ದಿದ್ರೆ ನಂಗೆ ಗೊತ್ತಾಗ್ತಿತ್ತು."

ನಾನು ಅತ್ತೆಯ ಕಡೆ ನೋಡಿದೆ. ಅವರ ಬಾಯಿ ಅರ್ಧ ತೆರೆದೇ ಇತ್ತು. ಆ ಕೆಸರು ಬೇಕೆಂದೇ ತಂದದ್ದು ಎಂಬುದು ಅವರಿಗೂ ಅಂದೇ ತಿಳಿದದ್ದು.

ಅಧಿಕಾರಿ ಪೆನ್ನು ತೆಗೆದುಕೊಂಡು, "ಹಾಗಾದರೆ ಹೊಟ್ಟೆನೋವು ಅಂದರೆ ಗಂಡ ಅಂತ ನಿಮ್ಮ ಹೇಳಿಕೆಯಾಗಿ ದಾಖಲು ಮಾಡ್ತೀನಿ" ಎಂದರು.

"ಬ್ಯಾಡಿ," ಎಂದರು ಅತ್ತೆ.

ನಾನು ಬೆಚ್ಚಿಬಿದ್ದೆ. ತಿಂಗಳುಗಟ್ಟಲೆ ಓಡಾಡಿದ್ದೆಲ್ಲ ಆ ಒಂದು ಸಾಲಿಗಾಗಿ ತಾನೆ?

"ಬರೀದೇ ಇದ್ರೆ ನಿಮ್ಮ ಮನವಿ ನಿಲ್ಲೋಲ್ಲಮ್ಮ."

"ನಿಲ್ದಿದ್ರೆ ಬೀಳ್ಲಿ. ಸರ್ಕಾರದ್ ಕಾಗ್ದದಲ್ಲಿ ನನ್ ಗಂಡನ್ನ ಒಟ್ಟೆನೋವು ಅಂತ ಬರೀಬ್ಯಾಡಿ. ನಾನ್ ಅನ್ಬೋದು. ಇನ್ನೊಬ್ರು ಬರೀಬಾರ್ದು."

"ಬರ್ಕೊಳ್ಳಿ ತಾಯಿ," ಎಂದರು ಮಾವ. "ನಂಗೇನ್ ಬೇಜಾರಿಲ್ಲ."

ಅಧಿಕಾರಿ ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದರು. ಆಮೇಲೆ ಏನೋ ಬರೆದರು. ಗಂಡನ ಹೇಳಿಕೆಯಂತೆ ರೋಗದ ಲಕ್ಷಣ ಗೌರಿ ಹಬ್ಬದಂದು ಮೊದಲು ಕಂಡಿತು, ಡ್ಯೂಟಿ ಡಾಕ್ಟರು ರೋಗಿಯ ಆಡುಮಾತನ್ನು ತಪ್ಪಾಗಿ ಗ್ರಹಿಸಿದ್ದಾರೆ, ಎಂದು ಮಾತ್ರ ಬರೆದಿದ್ದರೆಂದು ನಮಗೆ ಆಮೇಲೆ ಗೊತ್ತಾಯಿತು. ಅಲ್ಲಿ ಇಲ್ಲಿ ಅಷ್ಟಿಷ್ಟು ಕಡಿತ ಮಾಡಿ ಕಂಪನಿ ದುಡ್ಡು ಕೊಟ್ಟಿತು. ಮಾವ ಅಂಗಡಿ ಬಿಡಿಸಿಕೊಂಡರು.

ಆದರೆ ಆ ದಿನ ಇದೊಂದೂ ನಮಗೆ ತಿಳಿದಿರಲಿಲ್ಲ. ಸೋತೆವೆಂದುಕೊಂಡೇ ಗುಂಡ್ಲುಪೇಟೆಯ ಬಸ್ಸು ಹತ್ತಿದೆವು. ಅವರನ್ನು ಬಿಟ್ಟು ಬರೋಣವೆಂದು ನಾನೂ ಹೊರಟೆ. ಅತ್ತೆ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದರು. ಒಂದು ಮಾತಿಲ್ಲ. ಮಾವ ಪದೇ ಪದೇ ಬಗ್ಗಿ ಅವರ ಮುಖ ನೋಡುವರು. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ತಡೆಯಲಾರದೆ, ಸೋಡಾ ತರುತ್ತೇನೆಂದು ಇಳಿದು ಓಡಿದರು.

ಅವರು ಹತ್ತುವ ಮೊದಲೇ ಬಸ್ಸು ಹೊರಟಿತು. ಅತ್ತೆ ಧಿಗ್ಗನೆ ಎದ್ದು ನಿಂತರು. "ನಿಲ್ಸಯ್ಯಾ ಡ್ರೈವರಣ್ಣ, ನಮ್ಮೆಜಮಾನ್ರು ಅತ್ನಿಲ್ಲ!" ಬಸ್ಸು ಗಕ್ಕನೆ ನಿಂತು, ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಮಾವ ಏದುಸಿರು ಬಿಡುತ್ತಾ, ಚೆಲ್ಲಿ ಅರ್ಧವಾದ ಸೋಡಾ ಹಿಡಿದುಕೊಂಡು ಹತ್ತಿದರು.

ಅತ್ತೆ ಶುರು ಮಾಡಿದರು. ಮಾವನ ಬುದ್ಧಿ, ಅವರ ವಯಸ್ಸು, ಆ ಚಪ್ಪಲಿ, ಸೋಡಾ ಅಂಗಡಿಯವನು, ಯಾವುದನ್ನೂ ಬಿಡಲಿಲ್ಲ. ಮಾವ ಸೀಟಿಗೆ ಒರಗಿ ಕಣ್ಣು ಮುಚ್ಚಿದರು. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಆಪರೇಷನ್ ಮುಗಿದ ದಿನವೂ ಕಂಡಿರಲಿಲ್ಲ. ಗುಂಡ್ಲುಪೇಟೆ ಬರುವವರೆಗೂ ಅತ್ತೆ ಬೈಯುತ್ತಲೇ ಇದ್ದರು. ಅಷ್ಟು ದೂರವೂ ಮಾವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು.