ತಾಮು ಮೀನಿಗೆ ಮೆರುಗು ಬಳಿದದ್ದು

ಶೋಕದ ಬಿಳಿ ಬಟ್ಟೆ ಕಳಚಿ ಮಡಚಿಟ್ಟ ದಿನವೇ ತಾಮು ಕುಂಬಾರರ ಗುಡ್ಡ ಹತ್ತಿದಳು. ಕುಂಬಾರನಾಗಿದ್ದ ಗಂಡನ ಕೊನೆಯ ಮಣ್ಣಿನ ಮೀನಿಗೆ ತಾನೇ ಮೆರುಗು ಬಳಿಯುವುದಾಗಿ ಎಲ್ಲರೆದುರು ಸಾರಿಬಿಟ್ಟಳು. ಕಡಲತೀರದ ಸಾಫಿ ಊರಿನ ಕುಂಬಾರರು ತಿರುಗುತ್ತಿದ್ದ ಚಕ್ರವನ್ನು ಹಾಗೇ ಬಿಟ್ಟು ಅವಳನ್ನೇ ನೋಡಿದರು.

"ನೀನು ಚಕ್ರ ಮುಟ್ಟಿದವಳೇ ಅಲ್ವಲ್ಲ, ಲಲ್ಲಾ ತಾಮು," ಎಂದ ಪಕ್ಕದ ಅಂಗಡಿಯ ಬುಷೈಬ್, ಮರ್ಯಾದೆಯ ಲಲ್ಲಾ ಮಾತ್ರ ಬಿಡದೆ.

"ಮುಟ್ಟಿಲ್ಲ. ತೊಳೆದಿದೀನಿ. ಅವರ ಚಕ್ರ, ಅವರ ಕುಂಚ, ಅವರ ಅಂಗಿ ಎಲ್ಲಾ ಮದುವೆಯಾದಾಗಿಂದ ತೊಳೆದವಳು ನಾನು. ಅವರ ಕೈಗೆ ಗೊತ್ತಿದ್ದದ್ದು ನನ್ನ ಬಕೆಟ್ಟಿಗೂ ಗೊತ್ತು."

ಬುಷೈಬ್ ಕೈಯ ಮಣ್ಣು ಒರೆಸಿಕೊಂಡು ಮೀನು ನೋಡಲು ಬಂದ.

ಮೀನು ಕೈಗೂಸಿನಷ್ಟು ದಪ್ಪವಿತ್ತು. ಅವಳ ಗಂಡ ಜಿಲಾಲಿ ಅದನ್ನು ಮಣ್ಣಿನಲ್ಲಿ ಮಾಡಿ, ಒಮ್ಮೆ ಸುಟ್ಟು, ಮೆರುಗು ಬಳಿಯುವ ಮೊದಲೇ ಸತ್ತುಹೋದ. ಅವನ ಮೀನು, ಹುಂಜ, ಮುಳ್ಳುಹಂದಿಗಳಿಗೆ ಊರಲ್ಲೆಲ್ಲ ಹೆಸರಿತ್ತು. ಬೇರೆಯವರ ಮೆರುಗು ಕನ್ನಡಿಯ ಹಾಗೆ ನುಣುಪು. ಅವನದ್ದು ಹಲ್ಲಿಯ ಬೆನ್ನು. ಹಸಿರು ಅಲ್ಲಲ್ಲಿ ನಾಚಿದಂತೆ ಹಿಂದೆ ಸರಿದು, ಅಂಚಿನಲ್ಲಿ ಮಣಿಮಣಿಯಾಗಿ ಗಂಟು ಕಟ್ಟುತ್ತಿತ್ತು. ನಡುವೆ ಕೆಂಪು ಮಣ್ಣು ಇಣುಕುತ್ತಿತ್ತು. ಹೇಗೆ ಮಾಡ್ತೀಯ ಎಂದು ಯಾರು ಕೇಳಿದರೂ ಸಮುದ್ರದ ಕಡೆ ಕೈ ತೋರಿಸಿ ನಗುತ್ತಿದ್ದ.

"ನಾನೇ ಬಳಿದುಕೊಡ್ತೀನಿ. ನುಣ್ಣಗೆ, ಚೆಂದಾಗಿ," ಎಂದ ಬುಷೈಬ್.

"ನುಣ್ಣಗಿದ್ದರೆ ಅದು ನಿಮ್ಮ ಮೀನು. ನನಗೆ ಅವರದ್ದು ಬೇಕು."

ಇದ್ದದ್ದು ಒಂದೇ ಮೀನು. ಕೆಟ್ಟರೆ ಇನ್ನೊಂದು ಮಾಡಿಕೊಡಲು ಅವನಿರಲಿಲ್ಲ. ಅಷ್ಟು ಬುದ್ಧಿ ತಾಮುವಿಗೂ ಇತ್ತು. ಮೊದಲು ಸಣ್ಣ ಬಟ್ಟಲುಗಳ ಮೇಲೆ ಕೈ ಪಳಗಿಸಿದಳು. ಪ್ರತಿ ಬಟ್ಟಲನ್ನೂ ತೊಳೆದು, ಒರೆಸಿ, ತನ್ನ ಕೈಗೂ ಸಾಬೂನು ಹಾಕಿ, ಆಮೇಲೆ ಮೆರುಗು. ಆವಿಗೆಯಿಂದ ಹೊರಬಂದ ಬಟ್ಟಲುಗಳಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಅಷ್ಟು ನುಣುಪು.

ಮೆರುಗಿಗೆ ಉಪ್ಪು ಬೆರೆಸಿದಳು. ಸಮುದ್ರದ ಮರಳು ಬೆರೆಸಿದಳು. ಕೊನೆಗೆ ಶುಕ್ರವಾರದ ಕುಸ್‌ಕುಸ್‌ಗೆ ತಂದಿದ್ದ ರವೆಯನ್ನೂ ಬೆರೆಸಿದಳು. ಆ ಬಟ್ಟಲು ಆವಿಗೆಯೊಳಗೆ ಗಂಜಿಯ ಹಾಗೆ ಉಕ್ಕಿ, ಕೆಳಗಿನ ಸಾಲಿನಲ್ಲಿದ್ದ ಬುಷೈಬನ ಅಡುಗೆಯ ತಾಜಿನ್ ಮಡಕೆಯ ಮೇಲೆ ಸುರಿಯಿತು. ಗೋಪುರದಂಥ ಮುಚ್ಚಳ ಮಡಕೆಗೆ ಅಂಟಿ ಕೂತಿತು. ಮೂವರು ಹಿಡಿದು ಎಳೆದರೂ ಬರಲಿಲ್ಲ.

"ಇದನ್ನ ಯಾರಿಗೆ ಮಾರಲಿ?" ಬುಷೈಬ್ ಕೇಳಿದ.

"ರಂಜಾನ್ ತಿಂಗಳಲ್ಲಿ ಮಾರಿ. ಹಗಲು ತೆಗೆಯೋದೇ ಬೇಡ."

"ಸೂರ್ಯ ಮುಳುಗಿದ ಮೇಲೆ?"

"ಆಮೇಲಿನದ್ದು ಕೊಂಡವರ ಹಣೆಬರಹ."

ಬಾಯಿ ಹೀಗಿದ್ದರೂ ಆ ದಿನ ಗುಡ್ಡ ಇಳಿಯುವಾಗ ತಾಮುವಿನ ಕಾಲು ಭಾರವಾಗಿತ್ತು. ಮನೆಯಲ್ಲಿ ಜಿಲಾಲಿಯ ಹಳೆಯ ಹುಂಜ ಒಂದಿತ್ತು. ಬೇರೆ ಕೆಲಸ ತೋಚದೆ ಅದರ ಧೂಳು ಒರೆಸಲು ಕೂತಳು. ಒರೆಸುತ್ತಿದ್ದ ಬೆರಳುಗಳು ಮೆರುಗಿಲ್ಲದ ಗುಳಿಗಳಲ್ಲಿ ಒಂದೊಂದಾಗಿ ಇಳಿದವು. ಹೆಬ್ಬೆರಳಿಗೊಂದು. ಉಳಿದವಕ್ಕೆ ಸಾಲಾಗಿ. ಕಿರುಬೆರಳಿನದ್ದು ಮಾತ್ರ ಸೊಟ್ಟ.

ಸೊಟ್ಟ ಕಿರುಬೆರಳು ಆ ಮನೆಯಲ್ಲಿ ಒಬ್ಬನಿಗೇ ಇತ್ತು.

ತಾಮು ಹುಂಜವನ್ನು ಕೆಳಗಿಟ್ಟಳು. ಈ ಗುರುತು ಅವಳಿಗೆ ಹೊಸದಲ್ಲ. ಜಿಲಾಲಿಗೆ ದಿನಾ ಮಧ್ಯಾಹ್ನ ಹುರಿದ ಬೂತಾಯಿ ಮೀನು ಬೇಕು. ತಿಂದ ಕೈಯನ್ನು ಅಂಗಿಗೆ ಉಜ್ಜಿದರೆ ಅವನ ಲೆಕ್ಕದಲ್ಲಿ ತೊಳೆದ ಹಾಗೆ. ಬಾಗಿಲು, ಗೋಡೆ, ಚಹಾದ ತಟ್ಟೆ, ಅವಳ ಒಳ್ಳೆಯ ದಿಂಬು, ಎಲ್ಲದರ ಮೇಲೂ ಐದು ಬೆರಳು. ಅವಳು ಬೈದಳು, ಉಜ್ಜಿದಳು, ಮತ್ತೆ ಬೈದಳು. ಈಗ ಹೋಲಿಸಿ ನೋಡಲು ಒಂದಾದರೂ ಇದೆಯೇ ಎಂದು ಎದ್ದು ಬಾಗಿಲು ನೋಡಿದಳು. ಗೋಡೆ ನೋಡಿದಳು. ಒಂದೂ ಇರಲಿಲ್ಲ. ದುಃಖ ಕೇಳಲು ಬರುವವರಿಗಾಗಿ ಅವಳೇ ಸುಣ್ಣ ಬಳಿಸಿದ್ದಳು.

ಮರುದಿನ ಬುಷೈಬನ ಮುಂದೆ ಹುಂಜವನ್ನು ಕುಕ್ಕಿದಳು. "ನಿಮ್ಮ ಗೆಳೆಯನ ಗುಟ್ಟು ಸಿಕ್ತು. ಬೂತಾಯಿ."

ಅವನು ಬೆರಳಿಟ್ಟು ನೋಡಿದ. ಆಮೇಲೆ ಹಣೆ ಚಚ್ಚಿಕೊಂಡ. "ಎಣ್ಣೆ ಕೈಲಿ ಮುಟ್ಟಿದ ಕಡೆ ಮೆರುಗು ಹಿಡಿಯಲ್ಲ. ಕೆಲಸಕ್ಕೆ ಸೇರಿದ ದಿನವೇ ನಮಗೆಲ್ಲ ಕಿವಿ ಹಿಂಡಿ ಹೇಳ್ಕೊಟ್ಟಿದ್ದು. ಅದೇ ತಪ್ಪನ್ನ ಮಾಡಿ ಮಾಡಿ ಈ ಮನುಷ್ಯ ಉಸ್ತಾದ್ ಆದನಲ್ಲ. ಎಷ್ಟು ಜಾಣ. ಒಬ್ಬರಿಗೂ ಬಾಯಿ ಬಿಡಲಿಲ್ಲ."

"ಜಾಣತನವೂ ಇಲ್ಲ, ಏನೂ ಇಲ್ಲ. ಅವರಿಗೇ ಗೊತ್ತಿರಲಿಲ್ಲ."

"ಹೇಗೆ ಹೇಳ್ತೀ?"

"ಗೊತ್ತಿದ್ದಿದ್ದರೆ ನಾನು ಕೈ ತೊಳೀರಿ ಅಂದಾಗ ಸುಮ್ನೆ ಬೈಸ್ಕೋತಿದ್ರಾ? ಇದು ಕಲೆ ಕಣೇ ಅಂತ ಊರಿಗೆಲ್ಲ ಕೇಳೋ ಹಾಗೆ ಹೇಳ್ತಿದ್ರು."

ಬುಷೈಬ್ ಒಪ್ಪಿದ. ಜಿಲಾಲಿಯ ಬಾಯಿ ಅವನಿಗೂ ಗೊತ್ತಿತ್ತು.

ಇನ್ನೇನು, ಕೆಲಸ ಆದ ಹಾಗೆಯೇ. ತಾಮು ತೋಳು ಮಡಚಿದಳು. ನಾದಿನಿ ಹನಿಯಾಳನ್ನು ಕರೆದು, ಮೀನನ್ನು ಅವಳ ತೊಡೆಯ ಮೇಲೆ ಮಲಗಿಸಿ, ಬೂತಾಯಿ ಹುರಿದ ಆಲಿವ್ ಎಣ್ಣೆಯನ್ನು ಬಟ್ಟಲು ತುಂಬ ತಂದಳು. ಕೈ ಅದ್ದಿದಳು. ಒಂದು ಗುರುತು ಒತ್ತಿದಳು. ಇನ್ನೊಂದು ಒತ್ತಿದಳು. ಎರಡರ ನಡುವೆ ಖಾಲಿ ಬಿಟ್ಟದ್ದು ಕಣ್ಣಿಗೆ ಚುಚ್ಚಿತು. ಅಲ್ಲಿಗೂ ಸವರಿದಳು. ಹೊಸ ತಾಜಿನ್ ಮಡಕೆಯನ್ನು ಒಲೆಗಿಡುವ ಮೊದಲು ಎಣ್ಣೆ ತಿಕ್ಕಿ ಪಳಗಿಸುತ್ತಾರಲ್ಲ, ಆ ಅಭ್ಯಾಸ ಅವಳ ಕೈಯಲ್ಲಿ ತಾನಾಗಿ ಎದ್ದುಬಂತು. ಬೆನ್ನು, ಹೊಟ್ಟೆ, ಬಾಲದ ಸಂದಿ, ಕಿವಿರಿನ ಒಳಗೆ, ಎಲ್ಲೂ ಬಿಡಲಿಲ್ಲ.

"ಅತ್ತಿಗೆ, ಅಣ್ಣ ಇಷ್ಟು ಹಚ್ತಿರಲಿಲ್ಲ ಅನ್ಸುತ್ತೆ," ಎಂದಳು ಹನಿಯಾ.

"ನಿಮ್ಮಣ್ಣನದ್ದು ಎಲ್ಲಾ ಅರ್ಧಂಬರ್ಧ. ನಾನು ಗಲೀಜು ಮಾಡಿದರೂ ಅಚ್ಚುಕಟ್ಟಾಗಿ ಮಾಡ್ತೀನಿ."

ಹಸಿರು ಮೆರುಗು ಮೀನಿನ ಮೇಲೆ ನಿಲ್ಲದೆ ಜಾರಿತು. ತಾಮು ಮತ್ತೆ ಬಳಿದಳು. ಅದು ಮತ್ತೆ ಜಾರಿತು. ಹಟ ಯಾರದ್ದು ದೊಡ್ಡದು ಎಂದು ತೋರಿಸಲು ಗಾರೆಯ ಹಾಗೆ ದಪ್ಪಗೆ ಮೆತ್ತಿದಳು. ಬುಷೈಬ್ ಏನೋ ಹೇಳಲು ಬಾಯಿ ತೆರೆದ. ಅವಳು ನೋಡಿದ ನೋಟಕ್ಕೆ ಮುಚ್ಚಿಕೊಂಡು, ಮೀನನ್ನು ಅಗಲವಾದ ಒಂದು ಮಣ್ಣಿನ ಬಿಲ್ಲೆಯ ಮೇಲಿಟ್ಟು ಆವಿಗೆಗೆ ಸೇರಿಸಿದ.

ಆವಿಗೆ ಆರಿ ಬಾಗಿಲು ತೆಗೆದಾಗ ಗುಡ್ಡದ ಕುಂಬಾರರೆಲ್ಲ ಸುತ್ತ ನಿಂತಿದ್ದರು. ಬುಷೈಬ್ ಮೀನನ್ನು ಹೊರಗೆ ತಂದು ನೆಲದ ಮೇಲಿಟ್ಟ. ಮೈಮೇಲೆ ಒಂದು ಹನಿ ಮೆರುಗು ಇರಲಿಲ್ಲ. ಹಸಿರೆಲ್ಲ ಕಳಚಿ, ಜಾರಿಬಿದ್ದ ಲಂಗದ ಹಾಗೆ ಬುಡದಲ್ಲಿ ಮುದ್ದೆಯಾಗಿ ಗಟ್ಟಿಯಾಗಿತ್ತು. ನಡುವೆ ಮೀನು ಬತ್ತಲೆ ನಿಂತಿತ್ತು. ಬಾಯಿ ಬೇರೆ ತೆರೆದಿತ್ತು.

ಬುಷೈಬ್ ಕೆಮ್ಮಿದ. ಒಬ್ಬ ಆಕಾಶ ನೋಡಿದ. ಇನ್ನೊಬ್ಬ ಕೆಳದುಟಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದ. ಗಂಡ ಸತ್ತವಳ ಮುಂದೆ ಹೇಗೆ ನಗುವುದು?

ತಾಮು ಮೀನನ್ನು ನೋಡಿದಳು. ಅವರನ್ನೂ ನೋಡಿದಳು. "ನಕ್ಕುಬಿಡಿ ಆ ಕಡೆ. ಅವರಿದ್ದಿದ್ರೆ ನೆಲದ ಮೇಲೆ ಹೊರಳಾಡಿ ನಗ್ತಿದ್ರು."

ಆಗ ನಕ್ಕರು. ಗೋಡೆಯ ಕಡೆ ತಿರುಗಿದ್ದವನು ಅಲ್ಲೇ ಕುಸಿದು ಕೂತ. ತಾಮುವೂ ನಕ್ಕಳು, ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು.

"ಕೆಟ್ಟಿಲ್ಲ ಬಿಡು," ಎಂದ ಬುಷೈಬ್ ಉಸಿರು ತೆಗೆದುಕೊಂಡು. "ಇನ್ನೊಂದು ಸಲ ಬಳಿದು ಸುಡೋಣ. ಈ ಸಲ ನಾನೇ ಬೂತಾಯಿ ತಿಂದು ಮುಟ್ತೀನಿ."

"ಬೇಡ. ಒಬ್ಬರ ಬೆರಳಿನ ಹಿಂದೆ ಓಡಾಡಿದ್ದು ಸಾಕು. ನಿಮ್ಮದನ್ನ ನಿಮ್ಮ ಹೆಂಡತಿ ನೋಡ್ಕೊಳ್ಳಲಿ. ಅವರು ಎಲ್ಲಿಗೆ ಬಿಟ್ಟರೋ ಅಲ್ಲಿಗೇ ಇರಲಿ ಮೀನು."

ಹನಿಯಾ ಅದನ್ನು ಶಾಲಿನಲ್ಲಿ ಸುತ್ತಿ ಎತ್ತಿಕೊಂಡಳು. ಗುಡ್ಡ ಇಳಿಯುತ್ತ ಮೆಲ್ಲಗೆ ಕೇಳಿದಳು: "ಅತ್ತಿಗೆ, ಮನೆಗೆ ಬಂದವರು ಇದನ್ನ ಯಾರು ಮಾಡಿದ್ದು ಅಂದರೆ ಏನು ಹೇಳೋದು?"

"ಮೀನು ನಿಮ್ಮಣ್ಣಂದು ಅನ್ನು," ಎಂದಳು ತಾಮು. "ಎಣ್ಣೆನೀರು ಹಾಕಿದ್ದು ನಾನು."