ಅರ್ಧಣ್ಣನ ಎರಡನೇ ಅರ್ಧ

ನಡುರಾತ್ರಿ ದಿಂಬಿನಡಿಯಿಂದ ‘ಕೀಂ’ ಎಂದು ಸಣ್ಣದೊಂದು ಸದ್ದು ಬಂತು.

“ರೀ, ಇಲಿ,” ಎಂದಳು ಹೆಂಡತಿ, ಕಣ್ಣು ಬಿಡದೆ.

ಅದು ಇಲಿಯಲ್ಲ, ಓಡುವವರು ಕಟ್ಟಿಕೊಳ್ಳುವ ಕೈಗಡಿಯಾರ ಎಂದು ಅರ್ಧಣ್ಣನಿಗೆ ಗೊತ್ತಿತ್ತು. ಬಹಳ ಹೊತ್ತು ಅಲುಗಾಡದಿದ್ದರೆ ಅದು ಹಾಗೆ ಗದರುತ್ತದೆ. ಆದರೆ ಗಡಿಯಾರ ಎಂದರೆ ಯಾರದು, ಯಾಕೆ, ಎಲ್ಲಿಗೆ ಎಂದು ಪ್ರಶ್ನೆಗಳ ಸಾಲೇ ಹೊರಡುತ್ತಿತ್ತು.

“ಹೌದು, ಇಲಿನೇ ಇರಬೇಕು,” ಎಂದುಬಿಟ್ಟ.

ಆ ಒಂದು ಮಾತಿಗೆ ಮನೆಯ ದೀಪಗಳೆಲ್ಲ ಹೊತ್ತಿಕೊಂಡವು. ಮಂಚ ಸರಿಯಿತು, ಬೀರು ಸರಿಯಿತು, ಡಬ್ಬಗಳು ಉರುಳಿದವು. ಹೆಂಡತಿ ಪೊರಕೆ ಹಿಡಿದು ಮೂಲೆಮೂಲೆ ತಡಕಿದಳು. ಇಲ್ಲದ ಇಲಿ ಸಿಗುವುದಾದರೂ ಹೇಗೆ? ಕೊನೆಗೆ ಅವಳು ಸುಸ್ತಾಗಿ ಮಲಗುವಷ್ಟರಲ್ಲಿ ಅವನಿಗೆ ಎದ್ದು ಹೊರಡುವ ಹೊತ್ತಾಗಿತ್ತು.

ಅರ್ಧಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಈ ಮನುಷ್ಯ ಕೊಳಲು ಕಲಿಯಲು ಹೊರಟು ಮೂರು ಸ್ವರಕ್ಕೇ ನಿಲ್ಲಿಸಿದ್ದ. ಈಜು ಕಲಿಯಲು ಹೋಗಿ ಮುಳುಗುವುದನ್ನಷ್ಟೇ ಕಲಿತು ಬಂದಿದ್ದ. ನಡುಮನೆಯ ಗೋಡೆಗೆ ತಾನೇ ಬಣ್ಣ ಬಳಿಯುತ್ತೇನೆಂದು ಶುರುಮಾಡಿ ಕಿಟಕಿಯವರೆಗೆ ಬಂದು ಕುಂಚ ಕೆಳಗಿಟ್ಟಿದ್ದ. ಆ ಗೋಡೆಯನ್ನು ಕಂಡ ನೆರೆಯವರು ಇಟ್ಟ ಹೆಸರು ಅದು. ಹೆಂಡತಿ ಮಾತ್ರ ಎಂದೂ ನಕ್ಕವಳಲ್ಲ. ಮನೆಗೆ ಬಂದವರನ್ನು ಮೆಲ್ಲಗೆ ಆ ಗೋಡೆಗೆ ಬೆನ್ನು ಮಾಡಿ ಕೂರಿಸುತ್ತಿದ್ದಳು. ಅವನಿಗೆ ನಗುವಿಗಿಂತ ಅದೇ ಹೆಚ್ಚು ಚುಚ್ಚುತ್ತಿತ್ತು.

ಕೆಲವು ತಿಂಗಳ ಹಿಂದೆ ಊರಾಚೆಯ ಗುಡ್ಡದಲ್ಲಿ ಬಸ್ಸು ಕೆಟ್ಟು, ಕಾಲುದಾರಿ ಹಿಡಿದು ಬರುವಾಗ ನಾಯಿಯೊಂದು ಬೆನ್ನುಹತ್ತಿತ್ತು. ಓಡಿದ. ನಾಯಿ ಬೇಸತ್ತು ನಿಂತ ಮೇಲೂ ಓಡುತ್ತಲೇ ಇದ್ದ. ಕಲ್ಲು, ಬೇರು, ಜಾರುಮಣ್ಣು ನೋಡಿಕೊಂಡು ಹೆಜ್ಜೆ ಹಾಕುವಾಗ ತಲೆಯೊಳಗಿನ ಗಿಜಿಗಿಜಿ ಹೇಗೋ ನಿಂತುಹೋಗಿತ್ತು. ಅಂದಿನಿಂದ ಗುಡ್ಡ ಓಡುವ ಹುಚ್ಚು ಹಿಡಿಯಿತು. ಮುಂದಿನ ತಿಂಗಳು ಐವತ್ತು ಕಿಲೋಮೀಟರಿನ ಗುಡ್ಡದ ಓಟವಿತ್ತು. ಅದಕ್ಕೆ ಸೇರಬೇಕಾದರೆ ಒಂದೇ ಸಲಕ್ಕೆ ಮೂವತ್ತು ಓಡಿ ತೋರಿಸಬೇಕು. ಅದಕ್ಕೆ ಇವತ್ತೇ ಕೊನೆಯ ದಿನ.

“ಗುಂಡಿ ಒತ್ತಿ ಓಡ್ತಾ ಇರಿ ಭಾವ, ಅಷ್ಟೇ,” ಎಂದು ಗಡಿಯಾರ ಕೊಡುವಾಗ ಹೆಂಡತಿಯ ತಮ್ಮ ಹೇಳಿದ್ದ. ಅವನು ಓಟ ನಡೆಸುವವರಲ್ಲೊಬ್ಬ. “ಮೂವತ್ತು ಆದ ತಕ್ಷಣ ಕೀಂ ಅನ್ನುತ್ತೆ, ಲೆಕ್ಕ ತಾನಾಗೇ ನಮ್ಮವರಿಗೆ ಬರುತ್ತೆ.”

“ನಿಮ್ಮಕ್ಕಂಗೆ ಮಾತ್ರ ಹೇಳಬೇಡ. ಪೂರ್ತಿಯಾದ ಮೇಲೆ ನಾನೇ ಹೇಳ್ತೀನಿ.”

ಬೂಟು ಕೈಯಲ್ಲಿ ಹಿಡಿದು, ಬೆನ್ನಿಗೆ ನೀರಿನ ಚೀಲ ಏರಿಸಿ, ಚಡ್ಡಿಯಲ್ಲಿ ಮೆಟ್ಟಿಲಿಳಿದರೆ ಕೆಳಮನೆಯ ನಿವೃತ್ತ ನರ್ಸಮ್ಮ ಬಾಗಿಲಲ್ಲೇ ನಿಂತಿದ್ದರು. ಕಟ್ಟಡದಲ್ಲಿ ಯಾರಾದರೂ ಕೆಮ್ಮಿದರೂ ಔಷಧಿಯೊಂದಿಗೆ ಹಾಜರಾಗುವವರು.

“ರಾತ್ರಿಯೆಲ್ಲ ಸಾಮಾನು ಎಳೆದಾಡೋ ಸದ್ದು. ಹೆಂಡ್ತಿ ಜೊತೆ ಜಗಳನೇನಪ್ಪಾ?”

“ಇಲ್ಲ ನರ್ಸಮ್ಮ, ಇಲಿ.”

“ಇಲಿಗೆ ಹೆದರಿ ಗಂಡಸು ಗಂಟುಮೂಟೆ ಕಟ್ಟಿಕೊಂಡು ಮನೆ ಬಿಡ್ತಾನಾ? ನನ್ನ ಹತ್ರ ಮುಚ್ಚಿಡಬೇಡ. ಬಾ ಒಳಗೆ, ಬಿಪಿ ನೋಡ್ತೀನಿ.”

“ಆಮೇಲೆ ಬರ್ತೀನಿ,” ಎಂದವನು ಬೂಟು ಹಾಕಿಕೊಂಡವನೇ ಗುಂಡಿ ಒತ್ತಿ ಓಟ ಕಿತ್ತ. ಅವನು ಗುಡ್ಡದ ಕಡೆ ತಿರುಗುವುದನ್ನು ನರ್ಸಮ್ಮ ನೋಡಿದರು. ಆ ಗುಡ್ಡದ ತುದಿಯಲ್ಲೊಂದು ಪ್ರಪಾತ ಇರುವುದೂ ಅವರಿಗೆ ನೆನಪಾಯಿತು.

ಗುಡ್ಡದಲ್ಲಿ ಓಡುವ ತರುಣರನ್ನು ಯಾರೂ ಏನೂ ಕೇಳುವುದಿಲ್ಲ. ಹೊಟ್ಟೆ ಬಂದ, ತಲೆಗೂದಲು ಹೋದವನೊಬ್ಬ ಓಡಿದರೆ ಏನೋ ಅನಾಹುತವಾಗಿದೆ ಎಂದೇ ಲೆಕ್ಕ. ಕಲ್ಲುಗಣಿಯ ಕಾವಲುಗಾರ ಅಡ್ಡ ಬಂದು ನಿಂತ.

“ಯಾರು ಸ್ವಾಮಿ ಅಟ್ಟಿಸ್ಕೊಂಡು ಬರ್ತಿರೋದು?”

“ಯಾರೂ ಇಲ್ಲ. ಸುಮ್ನೆ ಓಡ್ತಿದೀನಿ.”

“ಹೆದರಬೇಡಿ, ನೀವು ಹೋಗಿ. ಅವನನ್ನ ನಾನು ನೋಡ್ಕೋತೀನಿ,” ಎಂದು ಕಾವಲುಗಾರ ದೊಣ್ಣೆ ಎತ್ತಿ, ಬಾರದಿರುವ ಶತ್ರುವಿಗಾಗಿ ದಾರಿಯಲ್ಲಿ ಕಾದು ನಿಂತ.

ಮುಂದೆ ಹುಲ್ಲು ಕೊಯ್ಯುತ್ತಿದ್ದ ಅಜ್ಜಿ ಕೂಗಿ ಹೇಳಿದಳು: “ಬಸ್ಸು ಆಗಲೇ ಹೋಯ್ತು ಕಣಪ್ಪಾ, ಇನ್ನು ಓಡಿ ಉಪಯೋಗ ಇಲ್ಲ.”

ಅರ್ಧ ದಾರಿ ಮುಗಿಯುವ ಹೊತ್ತಿಗೆ ನಿದ್ದೆಗೆಟ್ಟ ಕಣ್ಣು ಉರಿಯುತ್ತಿತ್ತು, ಎದೆ ತಿದಿಯಂತೆ ಏರಿಳಿಯುತ್ತಿತ್ತು. ಆದರೂ ನಿಲ್ಲಲಿಲ್ಲ. ಕಣ್ಣ ಮುಂದೆ ಆ ಗೋಡೆಯೇ ಬರುತ್ತಿತ್ತು. ಅಷ್ಟರಲ್ಲಿ ಮೀನಖಂಡ ಹಗ್ಗದಂತೆ ಹುರಿಗಟ್ಟಿ, ಕಾಲು ಹಿಡಿದುಕೊಂಡು ದಾರಿಯಲ್ಲೇ ಕುಸಿದ. ಹಿಂದಿನಿಂದ ಹುಲ್ಲು ತುಂಬಿದ ಟ್ರ್ಯಾಕ್ಟರೊಂದು ಗುಡುಗುಡು ಬಂದು ನಿಂತಿತು.

“ಸಿಕ್ಕಿದ್ರಾ?” ಎಂದು ಚಾಲಕ ಇಳಿದ. “ಅಕ್ಕ ಫೋನ್ ಮಾಡಿದ್ಲು. ಚಡ್ಡಿಯಲ್ಲಿ ಒಬ್ಬರು ಓಡ್ತಾ ಬರ್ತಾರೆ, ಮನಸ್ಸು ಸರಿ ಇಲ್ಲ, ಎಲ್ಲಿ ಸಿಕ್ಕರೂ ಬಿಡಬೇಡ, ಹತ್ತಿಸ್ಕೊಂಡು ಬಾ ಅಂದ್ಲು.”

“ಯಾವ ಅಕ್ಕ?”

“ನಿಮ್ಮ ಕೆಳಗಡೆ ಮನೆ ನರ್ಸು.”

“ನಾನು ಹತ್ತಲ್ಲಪ್ಪ. ಇನ್ನೂ ಅರ್ಧ ಓಡೋದಿದೆ.”

“ಅಕ್ಕನ ಮಾತು ಮೀರಿದ್ರೆ ನನಗೆ ಮನೇಲಿ ಜಾಗ ಇಲ್ಲ. ಆ ತಿರುವಿನ ತನಕ ಕೂತ್ಕೊಳ್ಳಿ, ಕಾಲು ಸಡಿಲ ಆಗಲಿ, ಆಮೇಲೆ ಎಲ್ಲಾದ್ರೂ ಓಡಿ.”

ತಿರುವಿನ ತನಕ ತಾನೇ? ಆಮೇಲೆ ಇಳಿದು, ಬಂದ ದಾರಿಯಲ್ಲಿ ಇಲ್ಲಿಗೇ ಮರಳಿ, ಆ ದೂರವನ್ನು ಲೆಕ್ಕದಿಂದ ಬಿಟ್ಟು ಓಡಿದರಾಯಿತು. ಹೀಗೆಲ್ಲ ಪ್ರಾಮಾಣಿಕವಾಗಿ ಯೋಚಿಸುತ್ತಲೇ ಅವನು ಹುಲ್ಲಿನ ಮೇಲೆ ಕಾಲು ಚಾಚಿದ. ಹುಲ್ಲು ಮೆತ್ತಗಿತ್ತು. ಬಿಸಿಲು ಹಿತವಾಗಿತ್ತು. ಗಾಡಿ ತೊಟ್ಟಿಲಿನಂತೆ ತೂಗುತ್ತಿತ್ತು.

‘ಕೀಂ’ ಎಂಬ ಸದ್ದಿಗೆ ಅರ್ಧಣ್ಣ ಎಚ್ಚೆತ್ತ. ಗುಡ್ಡ ಹಿಂದೆ ಉಳಿದಿತ್ತು. ಎದುರಿಗೆ ಅವನ ಮನೆಯ ಬೀದಿ.

“ಗುಡ್ಡ ಪೂರ್ತಿ ಸುತ್ತಿ ಬಂದ್ವಿ,” ಎಂದ ಚಾಲಕ. “ಒಳ್ಳೇ ಗೊರಕೆ ಹೊಡೀತಿದ್ರಿ. ಎಬ್ಬಿಸೋಕೆ ಮನಸ್ಸಾಗಲಿಲ್ಲ.”

ಗಡಿಯಾರ ನೋಡಿಕೊಂಡ. ಮೂವತ್ತು. ಲೆಕ್ಕ ಹೋಗಿಯಾಗಿತ್ತು.

ಭಾವಮೈದುನನಿಗೆ ಫೋನು ಮಾಡಿದ, ಎತ್ತಲಿಲ್ಲ. ಅದೇ ಅಂಗಿಯಲ್ಲಿ, ಚಡ್ಡಿಯ ಮೇಲೊಂದು ಪ್ಯಾಂಟು ಏರಿಸಿ ಅಂಗಡಿಗೆ ಹೋಗಿ ದಿನವಿಡೀ ಒಂದೇ ಗಾಜು ಉಜ್ಜುತ್ತ ಕೂತ. ಇರಲಿ, ಸಂಜೆ ನಿಜ ಹೇಳಿಬಿಡುವುದು, ಓಟದಿಂದ ಹೆಸರು ತೆಗೆಸಿಬಿಡುವುದು, ಎಂದು ತೀರ್ಮಾನಿಸಿ ಮನೆಗೆ ಬಂದರೆ ಭಾವಮೈದುನ ನಡುಮನೆಯಲ್ಲಿ ಕುಣಿಯುತ್ತಿದ್ದ.

“ಭಾವ, ನೀವು ಮನುಷ್ಯರೇನಾ? ಅಕ್ಕ, ಕೇಳು. ಮೊದಲನೇ ಅರ್ಧ ಎಲ್ಲರ ಹಾಗೇ ಒದ್ದಾಡಿದಾರೆ. ಎರಡನೇ ಅರ್ಧದಲ್ಲಿ ಎಲ್ಲರೂ ಬಸವಳೀತಾರೆ, ಇವರು ವೇಗ ಹೆಚ್ಚಿಸಿದಾರೆ. ಏರಾದರೂ ಅಷ್ಟೇ, ಇಳಿಜಾರಾದರೂ ಅಷ್ಟೇ, ಒಂದೇ ಸಮ. ಎದೆಬಡಿತ ನೋಡು, ನಿದ್ದೆ ಮಾಡ್ತಿರೋರ ಎದೆಬಡಿತ. ಇಂಥ ಹೃದಯ ನಾವು ನೋಡೇ ಇಲ್ಲ ಅಂತಿದಾರೆ ನಮ್ಮವರು.”

“ಅದು ಏನಾಯ್ತು ಅಂದ್ರೆ,” ಎಂದ ಅರ್ಧಣ್ಣ.

“ಇನ್ನೂ ಕೇಳಿ. ನಿಮಗೆ ಐವತ್ತು ಸಾಲಲ್ಲ ಅಂತ ಎಂಬತ್ತು ಕಿಲೋಮೀಟರಿನ ಓಟಕ್ಕೆ ಹಾಕಿದಾರೆ. ಮೊದಲನೇ ಸಾಲಲ್ಲಿ ನಿಲ್ಲಬೇಕು.”

ಅರ್ಧಣ್ಣ ಹೆಂಡತಿಯ ಕಡೆ ನೋಡಿದ. ಅವಳು ಕುರ್ಚಿ ಎತ್ತಿ, ಗೋಡೆಯ ಬಣ್ಣ ಬಳಿದ ಭಾಗಕ್ಕೆ ಎದುರಾಗಿ ಇಟ್ಟು, ತಮ್ಮನನ್ನು ಕೂರಿಸಿದಳು.

“ಒಂದು ಕೆಲಸನಾದ್ರೂ ಪೂರ್ತಿ ಮಾಡಿದ್ರಲ್ಲ ರೀ,” ಎಂದಳು.

ಆಗಲೇ ನರ್ಸಮ್ಮ ನೋವಿನೆಣ್ಣೆ ಹಿಡಿದು ಒಳಗೆ ಬಂದರು. ಎಲ್ಲವನ್ನೂ ಕೇಳಿಸಿಕೊಂಡರು. ಎರಡು ಸಲ ಬಾಯಿ ತೆರೆದರು, ಹೆಂಡತಿಯ ಮುಖ ನೋಡಿ ಮುಚ್ಚಿದರು. ಅರ್ಧಣ್ಣನ ಹಿಂದೆ ಬಂದು, ಅವನ ಕೊರಳಪಟ್ಟಿಯಿಂದ ಹುಲ್ಲಿನ ಎಳೆಯೊಂದನ್ನು ಮೆಲ್ಲಗೆ ತೆಗೆದು ಮುಷ್ಟಿಯಲ್ಲಿಟ್ಟುಕೊಂಡರು.

“ಒಳ್ಳೇದಾಯ್ತಪ್ಪಾ,” ಎಂದರು. “ನಾಳೆಯಿಂದ ಹೇಗೂ ಬೆಳಿಗ್ಗೆ ಓಡ್ತೀಯಲ್ಲ, ನನ್ನ ಹಾಲೂ ತಂದುಬಿಡು.”

ಕೈಯಲ್ಲಿ ಗಡಿಯಾರ ಮತ್ತೆ ‘ಕೀಂ’ ಎಂದಿತು. ಬಹಳ ಹೊತ್ತಿನಿಂದ ಅವನು ಅಲುಗಾಡಿರಲಿಲ್ಲ.

“ರೀ, ಇಲಿ,” ಎಂದಳು ಹೆಂಡತಿ, ಮೊದಲ ಸಲ ನಗುತ್ತ.

ಅರ್ಧಣ್ಣನೂ ನಕ್ಕ. ಯಾರಿಗೂ ಹೇಳಬಾರದೆಂದು ಆ ಗಳಿಗೆಯಲ್ಲೇ ನಿರ್ಧರಿಸಿದ. ಈ ಸುಳ್ಳೊಂದನ್ನಾದರೂ ಅರ್ಧಕ್ಕೆ ಬಿಡುವಂತಿರಲಿಲ್ಲ.