ಕಂಠರಕ್ಷಣಾ ಅಭಿಯಾನದ ಯಶಸ್ಸು

ನಮ್ಮ ನರ್ಸಿಂಗ್ ಕಾಲೇಜಿನ ಅರವತ್ತು ವಿದ್ಯಾರ್ಥಿನಿಯರ ಪೈಕಿ ಐವತ್ತೊಂಬತ್ತು ಮಂದಿಗೆ ಎಚ್‌ಪಿವಿ ಲಸಿಕೆಯ ಬಗ್ಗೆ ಸಂಪೂರ್ಣ ಅರಿವಿದೆ ಎಂದು ಮೊದಲ ಪರೀಕ್ಷೆಯಲ್ಲೇ ಅಧಿಕೃತವಾಗಿ ಸಾಬೀತಾಯಿತು. ಉಳಿದ ಒಬ್ಬಳಿಗೆ ಅರಿವು ಸಾಲದು ಎಂದಾಯಿತು. ಅವಳಿಗೆ ಆ ಲಸಿಕೆ ಯಾವುದಕ್ಕೆ ಕೊಡುತ್ತಾರೆಂದು ಗೊತ್ತಿತ್ತು, ಅಷ್ಟೇ.

ಈ ಯಶಸ್ಸಿನಲ್ಲಿ ನನ್ನದೂ ಅಳಿಲು ಸೇವೆಯಿದೆ. ನಾನು ಕಾಲೇಜು ಕಚೇರಿಯ ಹಿರಿಯ ಗುಮಾಸ್ತ. ಇಪ್ಪತ್ತಾರು ವರ್ಷಗಳಿಂದ ಸುತ್ತೋಲೆ ಬರೆಯುತ್ತಿದ್ದೇನೆ. ಅವುಗಳಲ್ಲಿ ಒಂದನ್ನಾದರೂ ಓದಿ ಯಾರಿಗಾದರೂ ಅರ್ಥವಾಗಿದೆ ಎಂಬ ದೂರು ಈವರೆಗೆ ಬಂದಿಲ್ಲ.

ಆರೋಗ್ಯ ಇಲಾಖೆಯವರು ಅರವತ್ತು ಡೋಸು ಲಸಿಕೆಯನ್ನು ಐಸು ತುಂಬಿದ ಡಬ್ಬದಲ್ಲಿ ಕಳಿಸಿದ್ದರು. ಜೊತೆಗೆ ಒಂದು ಪತ್ರ. ಮೊದಲು ವಿದ್ಯಾರ್ಥಿನಿಯರ ಅರಿವನ್ನೂ ಮನೋಭಾವವನ್ನೂ ಅಳೆಯಬೇಕು, ಆಮೇಲೆ ಲಸಿಕೆ ಹಾಕಬೇಕು, ವರದಿ ಕಳಿಸಬೇಕು. ಸೀಸೆಗಳ ಅವಧಿ ಮುಂದಿನ ತಿಂಗಳ ಮೂವತ್ತಕ್ಕೆ ಮುಗಿಯುತ್ತಿತ್ತು. ಪ್ರಾಯೋಗಿಕ ತರಗತಿಯ ಫ್ರಿಜ್ಜಿನಲ್ಲಿ ಅವನ್ನಿಟ್ಟು, ದಿನಕ್ಕೆರಡು ಸಲ ಉಷ್ಣಾಂಶ ಬರೆದು ಸಹಿ ಮಾಡುವ ವ್ಯವಸ್ಥೆಯಾಯಿತು. ನಾನು ಸುತ್ತೋಲೆಯ ಕರಡು ಬರೆದು ಸಭೆಯ ಮುಂದಿಟ್ಟೆ.

‘ಗರ್ಭಕಂಠದ ಕ್ಯಾನ್ಸರ್ ತಡೆಗೆ ಲಸಿಕೆ’ ಎಂದು ಪ್ರಿನ್ಸಿಪಾಲ್ ಮೇಡಂ ಓದಲು ಶುರುಮಾಡಿದರು. ಮೊದಲ ಪದಕ್ಕೇ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಕೆಮ್ಮು ಬಂತು.

“ಮೇಡಂ, ಇದು ಹೆಣ್ಣುಮಕ್ಕಳ ಕಾಲೇಜು. ಮದುವೆ ಆಗದ ಹುಡುಗೀರು. ನೋಟಿಸ್ ಬೋರ್ಡ್ ಮೇಲೆ ಗರ್ಭ ಅಂತ ಹಾಕಿದ್ರೆ ತಂದೆತಾಯಿ ಏನಂದ್ಕೋತಾರೆ?”

“ಹೌದಲ್ವಾ ಸರ್! ನನಗೆ ಹೊಳೀಲೇ ಇಲ್ಲ,” ಎಂದರು ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದ ಮೇಡಂ.

ಪದದ ಮೊದಲರ್ಧ ತೆಗೆದುಬಿಡುವುದೆಂದು ತೀರ್ಮಾನವಾಯಿತು. ನೆಗಡಿಯಾಯಿತೆಂದು ಮೂಗು ಕೊಯ್ದಂತೆ ಎಂದು ಹೊರಗಿನವರು ಆಡಿಕೊಳ್ಳಬಹುದು. ಆದರೆ ಇಲ್ಲಿ ಕೊಯ್ದದ್ದು ಮೂಗಲ್ಲ. ಅಂಗರಚನೆಯ ಪಾಠ ಮಾಡುವ ಮೇಷ್ಟ್ರು ಮಾತ್ರ ಕೈ ಎತ್ತಿದರು.

“ಸರ್, ಹಾಗೆ ಕತ್ತರಿಸಿದ್ರೆ ಅಂಗವೇ ಬೇರೆ ಆಗುತ್ತೆ.”

“ಎಷ್ಟು ದೂರ ಹೋಗುತ್ತೆ?”

“ಒಂದೂವರೆ ಅಡಿ... ಎರಡು ಅಡಿ ಅಂತಿಟ್ಕೊಳ್ಳಿ.”

“ಅಷ್ಟೇ ತಾನೇ? ಒಂದೇ ದೇಹದೊಳಗಿನ ವಿಷಯ. ಅಡ್ಜಸ್ಟ್ ಮಾಡ್ಕೊಳ್ಳಿ ಮೇಷ್ಟ್ರೇ.”

ಮೇಷ್ಟ್ರಿಗೆ ನಿವೃತ್ತಿಗೆ ಮೂರೇ ತಿಂಗಳಿತ್ತು. ಅಡ್ಜಸ್ಟ್ ಮಾಡಿಕೊಂಡರು. ತಿದ್ದುಪಡಿಯನ್ನು ಏಕಕಂಠದಿಂದ ಅಂಗೀಕರಿಸಲಾಯಿತು ಎಂದು ನಾನು ನಡಾವಳಿಯಲ್ಲಿ ಬರೆದುಕೊಂಡೆ. ಸುತ್ತೋಲೆ ಹೀಗೆ ಹೊರಬಿತ್ತು:

‘ಎಲ್ಲ ವಿದ್ಯಾರ್ಥಿನಿಯರ ಗಮನಕ್ಕೆ ತರುವುದೇನೆಂದರೆ, ಕಂಠದ ಕ್ಯಾನ್ಸರ್ ತಡೆಗಟ್ಟುವ ಸಲುವಾಗಿ ಕಂಠರಕ್ಷಣಾ ಅಭಿಯಾನ ಹಮ್ಮಿಕೊಳ್ಳಲಾಗಿದ್ದು, ಎಲ್ಲರೂ ತಂತಮ್ಮ ಕಂಠದೊಂದಿಗೆ ತಪ್ಪದೆ ಹಾಜರಾಗತಕ್ಕದ್ದು. ಗೈರುಹಾಜರಾದವರು ಕಾರಣವನ್ನು ಬರಹದಲ್ಲಿ ತಿಳಿಸತಕ್ಕದ್ದು.’

ಕಂಠ ಎಂದಮೇಲೆ ಅದಕ್ಕೆ ತಕ್ಕ ತಜ್ಞರು ಬೇಕು. ಕಿವಿ, ಮೂಗು, ಗಂಟಲಿನ ಡಾಕ್ಟರನ್ನು ಕರೆಸಲಾಯಿತು. ಅವರು ಅರವತ್ತು ಬಾಯಿಗಳಿಗೂ ಟಾರ್ಚು ಬಿಟ್ಟು ನೋಡಿದರು. ಅರವತ್ತು ಮಂದಿಯೂ ‘ಆ’ ಎಂದರು. ಮಾರನೆಯ ದಿನದಿಂದ ಬೆಳಿಗ್ಗೆ ಆರಕ್ಕೆ ಹಾಸ್ಟೆಲಿನ ಓಣಿಯಲ್ಲಿ ಬಿಸಿ ಉಪ್ಪುನೀರಿನಿಂದ ಸಾಮೂಹಿಕ ಬಾಯಿಮುಕ್ಕಳಿಕೆ ಆರಂಭವಾಯಿತು. ಆ ಗಳಗಳ ಸದ್ದು ಕೇಳಿ, ಟ್ಯಾಂಕಿಗೆ ನೀರು ಬಂತೆಂದು ವಾರ್ಡನ್ ಎರಡು ದಿನ ಬಕೆಟ್ಟು ಹಿಡಿದು ಓಡಿಬಂದರಂತೆ. ಕಂಠವನ್ನು ಬೆಚ್ಚಗಿಡಲು ಪ್ರತಿಯೊಬ್ಬರೂ ಮಫ್ಲರ್ ಸುತ್ತಿಕೊಳ್ಳತಕ್ಕದ್ದೆಂದು ಇನ್ನೊಂದು ಸುತ್ತೋಲೆ ಹೋಯಿತು. ಬಿರುಬೇಸಿಗೆಯಲ್ಲಿ ಮಫ್ಲರ್ ಸಿಗುವುದು ಕಷ್ಟ. ಅಧ್ಯಕ್ಷರ ಭಾವಮೈದನ ಅಂಗಡಿಯಲ್ಲಿ ಚಳಿಗಾಲದಲ್ಲಿ ಬಿಕರಿಯಾಗದ ಇನ್ನೂರು ಉಳಿದಿದ್ದದ್ದು ನಮ್ಮ ಪುಣ್ಯ.

ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದ್ದಾಗ ಅಡ್ಡಬಾಯಿ ಹಾಕಿದವಳು ಮೂರನೆಯ ವರ್ಷದ ಒಬ್ಬ ಹುಡುಗಿ. ಮಾತುಮಾತಿಗೆ ‘ಯಾಕೆ’ ಎಂದು ಕೇಳುತ್ತಿದ್ದುದರಿಂದ ಅವಳನ್ನು ಕಾಲೇಜಿನಲ್ಲೆಲ್ಲ ಯಾಕಮ್ಮ ಎಂದೇ ಕರೆಯುತ್ತಿದ್ದರು. ಗಂಟಲಿನ ಡಾಕ್ಟರು ಸಭಾಂಗಣದಲ್ಲಿ ಉಪನ್ಯಾಸ ಕೊಟ್ಟ ದಿನ ಅವಳು ಎದ್ದು ನಿಂತು ಅವರನ್ನೇ ಕೇಳಿದಳು.

“ಸರ್, ಈ ಲಸಿಕೆ ಮುಖ್ಯವಾಗಿ ಗರ್ಭಕಂಠದ ಕ್ಯಾನ್ಸರಿಗೆ ಅಲ್ವಾ?”

ಮೇಡಂ ಕಣ್ಣು ಮುಚ್ಚಿಕೊಂಡರು.

“ಗಂಟಲಿಗೂ ಅಪರೂಪಕ್ಕೆ ಆ ವೈರಸ್ ಬರುತ್ತಮ್ಮ,” ಎಂದರು ಡಾಕ್ಟರು. “ನೀನು ಹೇಳೋದು ನಿಜಾನೇ ಇರಬಹುದು. ಆದರೆ ನಾನು ಕತ್ತಿನಿಂದ ಕೆಳಗೆ ಇಳಿಯೋದಿಲ್ಲ. ಅದು ನನ್ನ ವಿಭಾಗ ಅಲ್ಲ.”

ನಂತರ ಅರಿವಿನ ಪರೀಕ್ಷೆ. ಪ್ರಶ್ನೆಪತ್ರಿಕೆಯನ್ನೂ ಉತ್ತರದ ಪಟ್ಟಿಯನ್ನೂ ಸುತ್ತೋಲೆಗೆ ಅನುಗುಣವಾಗಿ ನಾನೇ ತಯಾರಿಸಿದೆ. ಕಂಠದ ಕ್ಯಾನ್ಸರ್ ತಡೆಯುವುದು ಹೇಗೆ? ಸರಿಯುತ್ತರ: ಬಿಸಿನೀರು, ಮಫ್ಲರ್, ಕಿರುಚದಿರುವುದು. ಮನೋಭಾವ ಅಳೆಯಲು ಕೊನೆಯಲ್ಲೊಂದು ಪ್ರಶ್ನೆಯಿತ್ತು: ‘ಲಸಿಕೆ ಹಾಕಿಸಿಕೊಳ್ಳಲು ಇಷ್ಟವಿದೆಯೇ?’ ‘ಇಲ್ಲ’ ಎಂದರೆ ಅಸಹಕಾರ. ‘ಹೌದು’ ಎಂದರೆ ಅನುಚಿತ ಆತುರ. ‘ಹಿರಿಯರು ಹೇಳಿದಂತೆ’ ಎಂದರೆ ಉತ್ತಮ ಮನೋಭಾವ. ಇಪ್ಪತ್ತಕ್ಕೆ ಹದಿನಾರು ಬಂದವರಿಗೆ ಮಾತ್ರ ಲಸಿಕೆ, ಅರಿವಿಲ್ಲದವರಿಗೆ ಚುಚ್ಚುವುದು ಅಭಿಯಾನದ ನಿಯಮಕ್ಕೆ ವಿರುದ್ಧ.

ಐವತ್ತೊಂಬತ್ತು ಹುಡುಗಿಯರು ಎಲ್ಲವನ್ನೂ ಕಂಠಪಾಠ ಮಾಡಿಕೊಂಡು ಬಂದು ಪಾಸಾದರು. ಯಾಕಮ್ಮ ವೈರಸ್ ಯಾವುದು, ಹೇಗೆ ಹರಡುತ್ತದೆ, ಯಾವ ವಯಸ್ಸಿನಲ್ಲಿ ಲಸಿಕೆ ಹಾಕಿದರೆ ಒಳ್ಳೆಯದು ಎಂದು ಮೂರು ಪುಟ ಬರೆದಿದ್ದಳು. ಕೊನೆಯ ಪ್ರಶ್ನೆಗೆ ‘ಹೌದು, ಇವತ್ತೇ’ ಎಂದಿದ್ದಳು. ಅವಳಿಗೆ ಎರಡು ಅಂಕ ಬಂತು. ಹೆಸರಿಗೆ ಒಂದು, ಕ್ರಮಸಂಖ್ಯೆಗೆ ಒಂದು.

ಲಸಿಕೆಯ ದಿನ ಸಣ್ಣದೊಂದು ತೊಡಕಾಯಿತು. ಸಾಲಿನಲ್ಲಿ ಮೊದಲಿದ್ದವಳು ಸೂಜಿ ನೋಡಿ, “ಗಂಟಲಿಗೆ ಅಂದ್ಮೇಲೆ ತೋಳಿಗೆ ಚುಚ್ಚೋದ್ಯಾಕೆ? ನಂಗೆ ಬಿಸಿನೀರೇ ಸಾಕಪ್ಪ,” ಎಂದು ಹಿಂದೆ ಸರಿದಳು. ಅವಳ ಹಿಂದೆ ಐವತ್ತೆಂಟು ಮಂದಿ ಸರಿದರು. ನಮ್ಮ ಮಗಳ ಗಂಟಲು ಚೆನ್ನಾಗಿಯೇ ಇದೆ ಎಂದು ಮನೆಗಳಿಂದಲೂ ಪತ್ರ ಬಂತು. ಅಲ್ಲಿಗೆ, ಅರ್ಹತೆ ಇದ್ದವರಿಗೆ ಲಸಿಕೆ ಬೇಡವಾಯಿತು, ಬೇಕಾದವಳಿಗೆ ಅರ್ಹತೆ ಇರಲಿಲ್ಲ. ಸೀಸೆಗಳು ಫ್ರಿಜ್ಜಿನಲ್ಲಿ ನಾಲ್ಕು ಡಿಗ್ರಿಯಲ್ಲಿ ಕ್ಷೇಮವಾಗಿದ್ದವು.

ಆ ಸಂಜೆ ಯಾಕಮ್ಮ ನನ್ನ ಮೇಜಿನ ಮುಂದೆ ಬಂದು ನಿಂತಳು.

“ಸರ್, ಅರವತ್ತೂ ಹಾಗೇ ಉಳಿದಿದೆ. ಒಂದನ್ನ ನನಗೆ ಹಾಕಿಸಿಬಿಡಿ. ಹೊರಗಡೆ ಹಾಕಿಸ್ಕೊಳ್ಳೋಷ್ಟು ಶಕ್ತಿ ನನಗಿಲ್ಲ.”

“ಅರಿವು ಬರಲಿ ಮಗು, ಆಮೇಲೆ.”

“ನಮ್ಮ ಚಿಕ್ಕಮ್ಮ ಇಲ್ಲೇ ಕಾಲೇಜಿನ ಆಸ್ಪತ್ರೇಲಿ, ಹಿಂದಿನ ವಾರ್ಡಲ್ಲಿದ್ದಾರೆ ಸರ್. ನನ್ನನ್ನ ಸಾಕಿದೋರು. ಅವರಿಗೆ ಅದೇ ಕಾಯಿಲೆ. ಒಂದೂವರೆ ವರ್ಷ ರಕ್ತ ಹೋಗ್ತಿದ್ರೂ ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ. ಹೇಳೋಕೆ ನಾಚಿಕೆ ಆಯ್ತಂತೆ. ಈಗ ಡಾಕ್ಟರು ಬಂದು ಊಟ ಆಯ್ತಾ ಅಂತ ಮಾತ್ರ ಕೇಳಿ ಹೋಗ್ತಾರೆ. ನೀನಾದ್ರೂ ಹಾಕಿಸ್ಕೊಂಡ್ಯಾ ಅಂತ ಚಿಕ್ಕಮ್ಮ ದಿನಾ ಕೇಳ್ತಾರೆ ಸರ್. ನಾನೇನು ಹೇಳ್ಲಿ?”

ನನಗೆ ನಿಜವಾಗಿಯೂ ಕರುಳು ಚುರುಕ್ಕೆಂದಿತು. ಆದರೆ ನಮೂನೆಯಲ್ಲಿ ಕರುಳಿಗೆ ಕಾಲಂ ಇಲ್ಲ. ಅವಳನ್ನು ಮೇಡಂ ಬಳಿಗೆ ಕಳಿಸಿದೆ. ಮೇಡಂ ಕರುಣಾಮಯಿ. ಅವಳೊಬ್ಬಳಿಗಾಗಿಯೇ ಒಂದನೇ ತಾರೀಕು ಮರುಪರೀಕ್ಷೆ ನಡೆಸಲು ಒಪ್ಪಿದರು.

“ಲಸಿಕೆ ಮೂವತ್ತಕ್ಕೇ ಮುಗಿಯುತ್ತಲ್ಲ ಮೇಡಂ?”

“ನೋಡು, ಇದೇ ನಿನ್ನ ಮನೋಭಾವದ ಸಮಸ್ಯೆ. ಎಲ್ಲದಕ್ಕೂ ಆತುರ.”

ಮೂವತ್ತನೇ ತಾರೀಕು ಅರವತ್ತು ಸೀಸೆಗಳ ಅವಧಿಯೂ ಶಾಂತಿಯುತವಾಗಿ ಮುಗಿಯಿತು. ಅವನ್ನು ಬಿಸಾಡಲು ಇಲಾಖೆಯ ಅನುಮತಿ ಬರುವವರೆಗೆ ಉಷ್ಣಾಂಶ ಬರೆಯುವುದನ್ನು ನಿಲ್ಲಿಸುವಂತಿಲ್ಲ. ಇಂದಿಗೂ ಎರಡು ಹೊತ್ತು ಸಹಿ ಬೀಳುತ್ತಿದೆ.

ಒಂದನೇ ತಾರೀಕು ಯಾಕಮ್ಮ ಮರುಪರೀಕ್ಷೆಗೆ ಕೂತಳು. ಅರಿವಿನ ಪ್ರಮಾಣಪತ್ರ ಇಲ್ಲದವರನ್ನು ವಾರ್ಷಿಕ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಅಷ್ಟರಲ್ಲಿ ಇನ್ನೊಂದು ನಿಯಮ ಬಂದಿತ್ತು, ನಾನೇ ಬರೆದದ್ದು. ಅವಳು ಹತ್ತು ನಿಮಿಷದಲ್ಲಿ ಬಿಸಿನೀರು, ಮಫ್ಲರ್, ಹಿರಿಯರು ಹೇಳಿದಂತೆ ಎಂದು ಬರೆದು ಎದ್ದಳು. ಇಪ್ಪತ್ತಕ್ಕೆ ಇಪ್ಪತ್ತು. ಕಾಲೇಜಿನ ಅರಿವು ನೂರಕ್ಕೆ ನೂರಾಯಿತು. ಇಲಾಖೆಯಿಂದ ಪ್ರಶಸ್ತಿ ಬಂತು. ‘ಸದರಿ ವಿದ್ಯಾರ್ಥಿನಿಯು ಎಚ್‌ಪಿವಿ ಲಸಿಕೆ ಪಡೆಯಲು ಎಲ್ಲ ರೀತಿಯಿಂದಲೂ ಅರ್ಹಳು’ ಎಂಬ ಪ್ರಮಾಣಪತ್ರವನ್ನು ಮೊಹರು ಹಾಕಿ ಅವಳ ಕೈಗೆ ಕೊಟ್ಟೆ.

ಪ್ರಶಸ್ತಿಯ ಸಂತೋಷಕ್ಕೆ, ಉಳಿದ ಮಫ್ಲರುಗಳನ್ನು ಆಸ್ಪತ್ರೆಯ ರೋಗಿಗಳಿಗೆ ಹಂಚುವುದೆಂದು ಅಧ್ಯಕ್ಷರು ಹೇಳಿದರು. ಫೋಟೋದವನನ್ನು ಕರೆದುಕೊಂಡು ಎಲ್ಲರೂ ಹಿಂದಿನ ವಾರ್ಡಿಗೆ ಹೋದೆವು. ಕೊನೆಯ ಮಂಚದಲ್ಲಿದ್ದ ಹೆಂಗಸಿನ ಕೊರಳಿಗೆ ಅಧ್ಯಕ್ಷರು ತಾವೇ ಮಫ್ಲರ್ ಸುತ್ತಿದರು. ಪಕ್ಕದಲ್ಲಿ ಯಾಕಮ್ಮ ಪ್ರಮಾಣಪತ್ರ ಹಿಡಿದು ನಿಂತಿದ್ದಳು. ಚಿಕ್ಕಮ್ಮನಿಗೆ ಓದಲು ಬರುತ್ತಿರಲಿಲ್ಲ. ಮೊಹರು ಮಾತ್ರ ಕಾಣಿಸಿತು.

“ಹಾಕಿದ್ರೇನೇ?” ಎಂದು ಕೇಳಿದರು.

ಹುಡುಗಿ ಮೇಡಂ ಕಡೆ ನೋಡಿದಳು, ಅಧ್ಯಕ್ಷರ ಕಡೆ ನೋಡಿದಳು, ನನ್ನ ಕಡೆಯೂ ನೋಡಿದಳು.

“ಹೂಂ ಚಿಕ್ಕಮ್ಮ. ಹಾಕಿದ್ರು.”

ಚಿಕ್ಕಮ್ಮ ಕಡ್ಡಿಯಂಥ ಕೈಯೆತ್ತಿ ಅವಳ ತೋಳನ್ನು ಮೆಲ್ಲಗೆ ಮುಟ್ಟಿದರು. “ನೋವಿದ್ಯಾ?”

“ಇಲ್ಲ. ಒಂದು ಚೂರೂ ಇಲ್ಲ.”

ಆಕೆ ನಕ್ಕರು. ಎಷ್ಟೋ ತಿಂಗಳಾದ ಮೇಲೆ ನಕ್ಕದ್ದೆಂದು ವಾರ್ಡಿನ ಸಿಸ್ಟರು ಹೇಳಿದರು. ಫೋಟೋದವನು ಸರಿಯಾಗಿ ಆ ಗಳಿಗೆಯನ್ನೇ ಹಿಡಿದ. ಆ ಚಿತ್ರ ಈಗ ವಾರ್ಷಿಕ ವರದಿಯ ಮುಖಪುಟದಲ್ಲಿದೆ. ಕೆಳಗೆ ಏನು ಬರೆಯುವುದೆಂದು ಯಾರೂ ಹೇಳದ ಕಾರಣ, ರೂಢಿಯಲ್ಲಿರುವ ಪದವನ್ನೇ ಬರೆದೆ: ‘ಫಲಾನುಭವಿಗಳು’.